ದೊಡ್ಡ ಸ್ಕ್ರೀನ್ ಫೋನು ನಿಜಕ್ಕೂ ಯಾರಿಗೆ?

ಪಿಯುಸಿ ಮುಗಿದು ಬಿಇ ಸೀಟು ಸಿಕ್ಕಿತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಮನೆಗಳಲ್ಲಿ ಎರಡು ಖರ್ಚು ಗ್ಯಾರಂಟಿ. ಒಂದು ಕಾಲೇಜು ಫೀಸು, ಇನ್ನೊಂದು ಹೊಸ ಫೋನು. ಶೇಂಗಾ, ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ಹದಿನೈದರಿಂದ ಇಪ್ಪತ್ತು ಸಾವಿರ ರೂಪಾಯಿಯನ್ನು ಅಪ್ಪ ಅದಕ್ಕಾಗಿ ಎತ್ತಿಡುತ್ತಾರೆ. ಅಂಗಡಿಯಲ್ಲಿ ಕೇಳಿಬರುವ ಮಾತೂ ಒಂದೇ: 'ಓದೋ ಹುಡುಗ್ರಿಗೆ ದೊಡ್ಡ ಸ್ಕ್ರೀನೇ ಬೇಕ್ರೀ.' ಈ ಮಾತು ಎಷ್ಟು ನಿಜ ಎಂದು ಯಾರೂ ಲೆಕ್ಕ ಹಾಕಿ ನೋಡುವುದಿಲ್ಲ. ಬಿಇ ವಿದ್ಯಾರ್ಥಿಯಾಗಿ ನಾನು ಆ ಲೆಕ್ಕ ಹಾಕಿದ್ದೇನೆ.

2007ರಲ್ಲಿ ಬಂದ ಮೊದಲ ಐಫೋನಿನ ಪರದೆ 3.5 ಇಂಚು. 2011ರಲ್ಲಿ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಾಗ 'ಇದೇನು ಫೋನೋ, ಹಲಗೆಯೋ' ಎಂದು ನಕ್ಕವರೇ ಹೆಚ್ಚು. ಇಂದು ಮಧ್ಯಮ ಬೆಲೆಯಲ್ಲೇ 6.7 ಇಂಚು ಮಾಮೂಲಿ. 2024ರ ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂದ ಗ್ಯಾಲಕ್ಸಿ ಎ16 5ಜಿ ಇದಕ್ಕೆ ಒಳ್ಳೆಯ ಉದಾಹರಣೆ. 6.7 ಇಂಚಿನ ಅಮೊಲೆಡ್ ಪರದೆ, 5000 ಎಂಎಎಚ್ ಬ್ಯಾಟರಿ, ಆರು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುವ ಭರವಸೆ. ಬಿಡುಗಡೆಯಾದಾಗ ಆರಂಭಿಕ ಬೆಲೆ 18,999 ರೂಪಾಯಿ. ಕಾಗದದ ಮೇಲೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಆದರೆ ಸ್ಕೇಲ್ ಹಿಡಿದು ನೋಡಿ. ಪರದೆಯ ಇಂಚನ್ನು ಅಳೆಯುವುದು ಮೂಲೆಯಿಂದ ಮೂಲೆಗೆ. ಹಳೆಯ 5.5 ಇಂಚಿನ ಫೋನುಗಳ ಪರದೆ 16:9 ಆಕಾರದ್ದು, ಅದರ ಅಗಲ ಸುಮಾರು 6.8 ಸೆಂ.ಮೀ. ಈಗಿನ ಪರದೆಗಳು ಅದಕ್ಕಿಂತ ನೀಳ. ಹಾಗಾಗಿ 6.7 ಇಂಚಿನ ಪರದೆಯ ಅಗಲ ಹೆಚ್ಚೆಂದರೆ 7.1 ಸೆಂ.ಮೀ. ಇಂಚಿನ ಲೆಕ್ಕದಲ್ಲಿ 1.2 ಹೆಚ್ಚಾದರೂ ಅಗಲದಲ್ಲಿ ಸಿಕ್ಕಿದ್ದು ಎರಡು ಮೂರು ಮಿಲಿಮೀಟರ್ ಮಾತ್ರ. ಉಳಿದದ್ದೆಲ್ಲ ಉದ್ದಕ್ಕೆ ಹೋಯಿತು.

ನಮ್ಮ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಸಾಮಾನ್ಯವಾಗಿ ಎ4 ಅಳತೆಯ ಪಿಡಿಎಫ್. ಎ4 ಹಾಳೆಯ ಅಗಲ 21 ಸೆಂ.ಮೀ. ಅದನ್ನು 7 ಸೆಂ.ಮೀ. ಪರದೆಯಲ್ಲಿ ಕೂರಿಸಿದರೆ 12 ಪಾಯಿಂಟ್ ಅಕ್ಷರ 4 ಪಾಯಿಂಟ್ ಆಗುತ್ತದೆ. ಔಷಧಿ ಚೀಟಿಯ ಅಕ್ಷರಕ್ಕಿಂತಲೂ ಸಣ್ಣದು! ಫೋನು ಅಡ್ಡ ಹಿಡಿದರೆ ಮುಕ್ಕಾಲು ಅಳತೆಗೆ ಬರುತ್ತದೆ, ಓದಬಹುದು. ಆದರೆ ಆಗ ಸರ್ಕ್ಯೂಟ್ ಚಿತ್ರ ಮೇಲೆ, ವಿವರಣೆ ಕೆಳಗೆ. ಬೆರಳಿನಿಂದ ಸರಿಸುತ್ತಲೇ ಇರಬೇಕು. ಇನ್ನು ಪ್ರೋಗ್ರಾಂ ಬರೆಯಲು ಕೂತರೆ ಕೀಬೋರ್ಡೇ ಅರ್ಧ ಪರದೆ ನುಂಗುತ್ತದೆ. ಇಪ್ಪತ್ತು ಸಾಲಿನ ಪೈಥಾನ್ ಕೋಡ್ ಬರೆಯುವಷ್ಟರಲ್ಲಿ ಹೆಬ್ಬೆರಳು ಸೋಲುತ್ತದೆ. ಲ್ಯಾಬ್‌ನಲ್ಲಿ ಬಳಸುವ ಕ್ಯಾಡ್ ತಂತ್ರಾಂಶವಂತೂ ಫೋನಿನ ಕೆಲಸವೇ ಅಲ್ಲ. ದೊಡ್ಡ ಪರದೆ ಪಾಠದ ವಿಡಿಯೊ ನೋಡಲು ಚೆನ್ನ, ಓದಲು ಪರವಾಗಿಲ್ಲ, ಕೆಲಸ ಮಾಡಲು ಸಾಲದು.

ಹಾಗಾದರೆ ಇದು ದಂಡವೇ? ಅಲ್ಲ. ನಮ್ಮ ಮನೆಯಲ್ಲೂ ಇಂಥದ್ದೊಂದು ಫೋನಿದೆ, ಬೇರೆ ಕಂಪನಿಯದು. ರಜೆಗೆ ಊರಿಗೆ ಹೋದಾಗಲೆಲ್ಲ ಅದು ನನ್ನ ಕೈಯಲ್ಲಿರುವುದಕ್ಕಿಂತ ಅಪ್ಪ, ಅವ್ವನ ಕೈಯಲ್ಲಿರುವುದೇ ಹೆಚ್ಚು. ಅಕ್ಷರ ದೊಡ್ಡದು ಮಾಡಿಟ್ಟರೆ ಅಪ್ಪ ಕನ್ನಡಕ ಹುಡುಕದೆ ಪಹಣಿ ನೋಡುತ್ತಾರೆ, ಎಪಿಎಂಸಿ ದರ ಓದುತ್ತಾರೆ. ಅವ್ವ ಸಂಘದ ಹಣ ಜಮಾ ಆದ ಮೆಸೇಜನ್ನು ಯಾರಿಂದಲೂ ಓದಿಸದೆ ತಾನೇ ಓದುತ್ತಾಳೆ. ಯುಪಿಐನಲ್ಲಿ ಒಂದು ಸೊನ್ನೆ ಹೆಚ್ಚು ಬಿದ್ದರೆ ಕಣ್ಣಿಗೆ ಬೀಳುತ್ತದೆ. ನನ್ನ ಓದಿನ ಹೆಸರಲ್ಲಿ ಬಂದ ಫೋನು ನಿಜವಾಗಿ ಉಪಯೋಗವಾದದ್ದು ನಲವತ್ತು ದಾಟಿದ ಕಣ್ಣುಗಳಿಗೆ.

ಆದರೆ ಹೊಲದಲ್ಲಿ ಅದರ ಬಣ್ಣ ಬಯಲಾಗುತ್ತದೆ. 2020ರಿಂದ ರೈತರೇ ಆಪ್ ಮೂಲಕ ಬೆಳೆ ಸಮೀಕ್ಷೆ ಮಾಡಬಹುದು. ಹೊಲದಲ್ಲೇ ನಿಂತು ಫೋಟೊ ತೆಗೆಯಬೇಕು. ನಮ್ಮ ಕಡೆಯ ಬಿಸಿಲಿನಲ್ಲಿ ಪರದೆ ಕಾಣದೆ ಅಪ್ಪ ತಲೆ ಮೇಲೆ ಟವೆಲ್ ಹೊದ್ದು ಫೋಟೊ ತೆಗೆಯುತ್ತಾರೆ. ಕಾದ ಫೋನು ತನ್ನನ್ನು ಉಳಿಸಿಕೊಳ್ಳಲು ಬೆಳಕು ತಾನೇ ಕಡಿಮೆ ಮಾಡುತ್ತದೆ, ವೇಗವನ್ನೂ ತಗ್ಗಿಸುತ್ತದೆ. ಲಿಥಿಯಂ ಬ್ಯಾಟರಿಗೆ ಶಾಖವೇ ಶತ್ರು. ಕೈಗೆ ಹಿಡಿತ ಸಿಗದೆ ಜಾರಿ ಬಿದ್ದರೆ ಇನ್ನೊಂದು ತಲೆನೋವು. ದೊಡ್ಡ ಅಮೊಲೆಡ್ ಪರದೆ ಬದಲಿಸುವ ಖರ್ಚು ಕೇಳಿದರೆ ಹೊಸದನ್ನೇ ಕೊಳ್ಳೋಣವೇ ಎನಿಸುತ್ತದೆ. ಎ16ನಂಥ ಫೋನಿನ ಡಬ್ಬಿಯಲ್ಲಿ ಚಾರ್ಜರ್ ಕೂಡ ಇರುವುದಿಲ್ಲ, ಅದು ಬೇರೆ ಖರ್ಚು.

ಆದ್ದರಿಂದ ಕೊಳ್ಳುವವರು ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಅಂಗಡಿಯಿಂದ ಹೊರಗೆ, ಬಿಸಿಲಿನಲ್ಲಿ ಪರದೆ ಕಾಣುತ್ತದೆಯೇ? ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ? ಪರದೆ ಒಡೆದರೆ ಎಷ್ಟು ಖರ್ಚು, ಸರ್ವಿಸ್ ಸೆಂಟರ್ ನಮ್ಮೂರಲ್ಲೇ ಇದೆಯೇ, ಇಲ್ಲ ಹೊಸಪೇಟೆಗೋ ದಾವಣಗೆರೆಗೋ ಬಸ್ ಹತ್ತಬೇಕೇ? ಮನೆಯಲ್ಲಿ ಇದನ್ನು ಹೆಚ್ಚು ಬಳಸುವವರು ಯಾರು?

ಕೊನೆಯ ಪ್ರಶ್ನೆಯೇ ಮುಖ್ಯ. ಮನೆಮಂದಿಗೆಲ್ಲ ಒಂದೇ ಫೋನು ಎಂದಾದರೆ ದೊಡ್ಡ ಪರದೆಯದ್ದನ್ನೇ ಧೈರ್ಯವಾಗಿ ಕೊಳ್ಳಿ. ಮಗ, ಮಗಳ ಬಿಇ ಓದಿಗೆ ಎಂದಾದರೆ ಹತ್ತು ಸಾವಿರದ ಫೋನು ಸಾಕು. ಉಳಿದ ದುಡ್ಡನ್ನು ಹಳೆಯದಾದರೂ ಸರಿ, ಒಂದು ಲ್ಯಾಪ್‌ಟಾಪ್‌ಗೆ ಕೂಡಿಡಿ. ಅದೂ ಆಗದವರ ಪಾಲಿಗೆ ಕಾಲೇಜಿನ ಲ್ಯಾಬ್, ಊರಿನ ಅರಿವು ಕೇಂದ್ರದ ಕಂಪ್ಯೂಟರ್‌ಗಳೇ ದಿಕ್ಕು. ಅವು ಸಂಜೆ ಹೊತ್ತಿನಲ್ಲೂ ತೆರೆದಿರಲಿ ಎಂದು ನಾವು ಕೇಳಬೇಕು. 'ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇದೆಯಲ್ಲ' ಎಂಬ ಉತ್ತರ ಬಂದರೆ, ಆ ಏಳು ಸೆಂಟಿಮೀಟರ್ ಅಗಲವನ್ನು ಅವರ ಮುಂದೆ ಅಳೆದು ತೋರಿಸೋಣ.