ಜೆಸಿಬಿ ಬರುವ ಮುನ್ನ ಊರಿನ ನಕ್ಷೆ

ಮಲೆನಾಡಿನ ಪೇಟೆಗಳ ಅಂಚಿನಲ್ಲಿ ಇಂದು ಪದೇ ಪದೇ ಕಾಣುವ ದೃಶ್ಯವೊಂದಿದೆ. ಮೊನ್ನೆಯವರೆಗೆ ಭತ್ತ ಬೆಳೆಯುತ್ತಿದ್ದ ಗದ್ದೆಬಯಲಿಗೆ ಗುಡ್ಡ ಕಡಿದು ತಂದ ಕೆಂಪು ಮಣ್ಣು ಬಿದ್ದಿರುತ್ತದೆ. ಕಲ್ಲು ನೆಟ್ಟು ನಿವೇಶನಗಳನ್ನು ಗುರುತಿಸಲಾಗಿರುತ್ತದೆ. ಒಂದು ಬಡಾವಣೆಗಾಗಿ ಗುಡ್ಡ, ಬಯಲು ಎರಡೂ ಕೆಡುತ್ತವೆ.

ಗದ್ದೆಯ ಕೆಲಸ ಭತ್ತ ಬೆಳೆಯುವುದಷ್ಟೇ ಅಲ್ಲ. ಬದುಗಳ ನಡುವೆ ನಿಂತ ಮಳೆನೀರು ನಿಧಾನವಾಗಿ ಇಂಗಿ ಸುತ್ತಲಿನ ಬಾವಿಗಳಿಗೆ ಆಸರೆಯಾಗುತ್ತದೆ. ಮಣ್ಣು ತುಂಬಿದರೆ ಆ ನೀರು ಪಕ್ಕದವರ ತೋಟಕ್ಕೂ ರಸ್ತೆಗೂ ನುಗ್ಗುತ್ತದೆ. ಬೇಸಿಗೆಯಲ್ಲಿ ಬಾವಿ ಬೇಗ ತಳ ಕಾಣುತ್ತದೆ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಸವಲತ್ತು ಇದ್ದುದು, ರಾಜ್ಯದ ಭೂಕಂದಾಯ ನಿಯಮಗಳು 100 ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳ ಹೇಳುವುದು ಇಂಥದೇ ತಿಳಿವಳಿಕೆಯಿಂದ. ಮನೆಯಿಲ್ಲದ ಜಾಗವೆಲ್ಲ ಖಾಲಿ ಜಾಗವಲ್ಲ.

ಹಾಗೆಂದು ಭೂಮಿ ಮಾರುವ ರೈತನನ್ನು ದೂರುವುದು ನ್ಯಾಯವಲ್ಲ. ಕೂಲಿಯಾಳುಗಳ ಕೊರತೆ, ಅಡಿಕೆಯ ಎಲೆಚುಕ್ಕಿ ರೋಗ, ಬೆಂಗಳೂರು ಸೇರಿದ ಮಕ್ಕಳು, ತೀರದ ಸಾಲ ಇವೆಲ್ಲ ನಿಜ. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿಯಿಂದ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳುವ ದಾರಿ ತೆರೆದಿದೆ. ಮಾರಾಟದ ನಿರ್ಧಾರ ಒಂದು ಮನೆಯದು. ಪರಿಣಾಮ ಇಡೀ ಊರಿನದು. ಭೂಪರಿವರ್ತನೆಯ ಕಡತ ದೂರದ ಕಚೇರಿಯಲ್ಲಿ ಚಲಿಸುತ್ತದೆ. ಊರಿಗೆ ಸುದ್ದಿ ಮುಟ್ಟುವುದು ಎಷ್ಟೋ ಬಾರಿ ಜೆಸಿಬಿ ಬಂದು ನಿಂತ ಮೇಲೆ.

ನೆರೆಯ ಕೇರಳದಲ್ಲಿ 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆ ಬಂದಿತು. ಪಂಚಾಯತಿ ಅಧ್ಯಕ್ಷರು, ಕೃಷಿ ಅಧಿಕಾರಿ ಮತ್ತು ರೈತರಿರುವ ಸ್ಥಳೀಯ ಸಮಿತಿಗಳು ಗದ್ದೆಗಳ ಪಟ್ಟಿ ತಯಾರಿಸಬೇಕೆಂಬುದು ಅದರ ತಿರುಳು. 2018ರ ತಿದ್ದುಪಡಿಯು, ಆ ಪಟ್ಟಿಗೆ ಸೇರದೆ ಉಳಿದ ಗದ್ದೆಗಳನ್ನು ಶುಲ್ಕ ಕಟ್ಟಿ ಪರಿವರ್ತಿಸಲು ಅವಕಾಶ ಕೊಟ್ಟಿತು. ದಾಖಲಾಗದ ಗದ್ದೆಗೆ ರಕ್ಷಣೆಯೂ ಇಲ್ಲ ಎಂಬ ಪಾಠ ನಮಗೂ ಅನ್ವಯಿಸುತ್ತದೆ.

ಆದ್ದರಿಂದ ಪ್ರತಿ ಗ್ರಾಮವೂ ತನ್ನ ನಕ್ಷೆಯನ್ನು ತಾನೇ ಸಿದ್ಧಪಡಿಸಲಿ. ಗದ್ದೆಬಯಲು, ಕೆರೆ, ಹಳ್ಳ, ಅಬ್ಬಿಯ ಮೂಲ, ಕಾನು, ಸೊಪ್ಪಿನಬೆಟ್ಟ, ಗೋಮಾಳಗಳನ್ನು ಸರ್ವೆ ನಂಬರಿನೊಡನೆ ಗುರುತಿಸಬೇಕು. ಬುಡ ಕಡಿದರೆ ಜಾರಬಹುದಾದ ಇಳಿಜಾರುಗಳನ್ನೂ ಸೇರಿಸಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ನಾವು ಮರೆಯುವಂತಿಲ್ಲ. ಅದರೊಂದಿಗೆ, ಮನೆಗಳು ಎಲ್ಲಿ ಬರಬಹುದೆಂಬುದನ್ನೂ ಹೇಳಲೇಬೇಕು. ಊರಿನ ಯುವಕನಿಗೂ ಸೂರು ಬೇಕು. ಈಗಿರುವ ಕೇರಿಗಳಿಗೆ ಹೊಂದಿದ ಗಟ್ಟಿ ನೆಲದಲ್ಲಿ ಆ ಜಾಗ ತೋರಿಸದ ಯೋಜನೆ ಬಾಳಲಾರದು.

ಈ ಕೆಲಸಕ್ಕೆ 2002ರ ಜೀವವೈವಿಧ್ಯ ಕಾಯಿದೆಯಡಿ ಪಂಚಾಯತಿಗಳಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯೇ ವೇದಿಕೆಯಾಗಬಹುದು. ವಿದ್ಯಾರ್ಥಿಗಳು ರಜೆಯಲ್ಲಿ ಪಹಣಿ, ಗ್ರಾಮನಕ್ಷೆ ಹಿಡಿದು ಹಿರಿಯರೊಡನೆ ಗಡಿ ಸುತ್ತಲಿ. ಸಿದ್ಧವಾದ ನಕ್ಷೆ ಗ್ರಾಮಸಭೆಯಲ್ಲಿ ಚರ್ಚೆಯಾಗಿ, ನಿರ್ಣಯ ಪುಸ್ತಕ ಸೇರಿ, ಅದರ ಪ್ರತಿ ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗಳಿಗೂ ತಲುಪಲಿ.

ಒಂದು ನಿರ್ಣಯದಿಂದಲೇ ಪರಿವರ್ತನೆ ನಿಂತುಬಿಡುತ್ತದೆಂಬ ಭ್ರಮೆ ನಮಗಿಲ್ಲ. ಆದರೆ ದಾಖಲೆಯಿಲ್ಲದ ಊರಿನ ಆಕ್ಷೇಪ ಕಚೇರಿಯ ಬಾಗಿಲಲ್ಲೇ ಉಳಿಯುತ್ತದೆ. ಬರುವ ಗ್ರಾಮಸಭೆಗೆ ಬರಿಗೈಯಲ್ಲಿ ಹೋಗುವುದು ಬೇಡ.