ಹುಂಜ ಹೊರಗಿನದು, ಹೇಂಟೆ ನಮ್ಮದು

ಕೋಳಿಯ ವಿಷಯ ಬರೆಯುತ್ತೇನೆ ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ಕನ್ನಡ ಮತ್ತು ಸಮಾಜ ಪಾಠ ಮಾಡುವ ಬಿ.ಎ., ಬಿ.ಎಡ್. ಮೇಡಮ್‌ಗೆ ಕೋಳಿಯ ತಳಿಯ ಗೊಡವೆ ಏಕೆ ಎಂದು ವಿಜ್ಞಾನದ ಮೇಷ್ಟ್ರು ಕೇಳಿಯೂ ಬಿಟ್ಟರು. ಹಿತ್ತಲಲ್ಲಿ ಕೋಳಿ ಸಾಕುವ ಹೆಂಗಸರಿಗೆ ಯಾವ ಡಿಗ್ರಿ ಇತ್ತು ಸ್ವಾಮಿ? ಯಾವ ಹುಂಜ ಉಳಿಯಬೇಕು, ಯಾವುದು ಸಾರಿಗೆ ಹೋಗಬೇಕು, ಯಾವ ಹೇಂಟೆಯ ಮೊಟ್ಟೆಯನ್ನು ಕಾವಿಗಿಡಬೇಕು ಎಂದು ತಲೆತಲಾಂತರದಿಂದ ತೀರ್ಮಾನ ಮಾಡಿದವರು ಅವರೇ. ಆ ತೀರ್ಮಾನವನ್ನು ಈಗ ಅವರ ಕೈಯಿಂದ ನಯವಾಗಿ ತೆಗೆದುಕೊಳ್ಳಲಾಗುತ್ತಿದೆ. ನನ್ನ ಜಗಳ ಅದರ ಮೇಲೆ. ಕೋಳಿ ತಿನ್ನದ ಸೋದರಿಯರೂ ದಯವಿಟ್ಟು ಪುಟ ತಿರುವಬೇಡಿ. ಇದು ಸಾರಿನ ಮಾತಲ್ಲ, ಹೆಂಗಸಿನ ಕೈಗಂಟಿನ ಮಾತು.

ಗಿರಿರಾಜ ಕೋಳಿಯನ್ನು ನೀವು ನೋಡಿರಬಹುದು. ಬಣ್ಣದ ಗರಿ, ದಪ್ಪ ಕಾಲು. ದೂರದಿಂದ ನಮ್ಮ ನಾಟಿ ಕೋಳಿಯ ದೊಡ್ಡಣ್ಣನಂತೆ ಕಾಣುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಕೃಷಿ ವಿಶ್ವವಿದ್ಯಾಲಯದ ಭಾಗವಾಗಿದ್ದಾಗ, 1980ರ ದಶಕದ ಕೊನೆಯಲ್ಲಿ, ಅಲ್ಲಿ ರೂಪುಗೊಂಡ ತಳಿ ಇದು. 2005ರಲ್ಲಿ ಇದರ ಬೆನ್ನಿಗೆ ಸ್ವರ್ಣಧಾರ ಬಂತು. ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯಿಂದ ವನರಾಜ, ಗ್ರಾಮಪ್ರಿಯ ಬಂದವು. ಇವನ್ನು ಮಾಡಿದ ವಿಜ್ಞಾನಿಗಳಿಗೆ ನನ್ನ ನಮಸ್ಕಾರ. ನಾಟಿ ಹೇಂಟೆ ವರ್ಷಕ್ಕೆ 50, 60 ಮೊಟ್ಟೆ ಇಟ್ಟರೆ ಹೆಚ್ಚು. ಗಿರಿರಾಜ 130ರಿಂದ 150 ಇಡುತ್ತದೆ. ಮೈತೂಕದಲ್ಲಂತೂ ಹೋಲಿಕೆಯೇ ಇಲ್ಲ. ಬಡವರ ಹಿತ್ತಲಿಗೆಂದೇ ಇಂಥ ಕೋಳಿ ಮಾಡಿದ್ದು ಸಣ್ಣ ಕೆಲಸವಲ್ಲ.

ಆದರೆ ಮರಿ ಹಂಚುವ ಸಮಾರಂಭದಲ್ಲಿ ಒಂದು ಮಾತನ್ನು ಯಾರೂ ಒತ್ತಿ ಹೇಳುವುದಿಲ್ಲ. ಈ ಹೇಂಟೆಗಳು ಕಾವಿಗೆ ಕೂರುವುದಿಲ್ಲ. ಕಾರಣ ಸುಲಭ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. 21 ದಿನ ಕಾವು, ಆಮೇಲೆ ಎರಡು ತಿಂಗಳಾದರೂ ಮರಿಗಳ ಹಿಂದೆ ತಿರುಗಾಟ. ಅಷ್ಟು ದಿನ ಮೊಟ್ಟೆಯ ಲೆಕ್ಕದಲ್ಲಿ ಸೊನ್ನೆ. ಮೊಟ್ಟೆಯೊಂದನ್ನೇ ಎಣಿಸುವವರಿಗೆ ತಾಯ್ತನ ಒಂದು ನಷ್ಟ. ಹಾಗಾಗಿ ಹೆಚ್ಚು ಮೊಟ್ಟೆಗಾಗಿ ಆರಿಸುತ್ತ ಆರಿಸುತ್ತ ಕಾವಿನ ಗುಣವನ್ನು ತಳಿಯಿಂದಲೇ ಕಳೆದುಬಿಡುತ್ತಾರೆ. ಫಾರಂ ನಡೆಸುವವರಿಗೆ ಅದು ಸರಿಯೇ, ಅವರಲ್ಲಿ ಮರಿ ಮಾಡುವ ಯಂತ್ರ ಇದೆ. ಹಿತ್ತಲಿನ ಹೆಂಗಸಿಗೆ ಇರುವ ಯಂತ್ರ ಒಂದೇ, ಕಾವಿಗೆ ಕೂರುವ ಹೇಂಟೆ.

ನಮ್ಮ ಶಾಲೆಗೆ ಹತ್ತಿರದ ಹಳ್ಳಿಯಿಂದ ಬರುವ ಒಬ್ಬ ಹುಡುಗಿಯ ತಾಯಿಗೆ ಆದದ್ದು ಹೇಳುತ್ತೇನೆ. ಆಕೆಯ ಬಳಿ ಆರು ನಾಟಿ ಹೇಂಟೆ ಇದ್ದವು. ಜೂನ್‌ನಲ್ಲಿ ಮಗಳ ನೋಟ್‌ಬುಕ್ಕು, ಶೂ, ಎಲ್ಲವೂ ಎರಡು ಹುಂಜ ಮಾರಿದ ದುಡ್ಡಿನಲ್ಲಿ ಬರುತ್ತಿತ್ತು. ಗಂಡನ ಮುಂದೆ ಕೈಚಾಚುವ ಪ್ರಮೇಯ ಇರಲಿಲ್ಲ. ಸಂಘದ ಮೂಲಕ ಹೊಸ ತಳಿಯ ಮರಿ ಕೊಟ್ಟರು. ಕೊಡುವಾಗ, ನಾಟಿ ಇಟ್ಟುಕೊಂಡರೆ ರೋಗ ಹತ್ತುತ್ತದೆ, ಲಾಭವೂ ಇಲ್ಲ, ಮಾರಿಬಿಡಿ ಎಂದರು. ಮಾರಿದಳು. ಮೊದಲ ವರ್ಷ ಮನೆ ತುಂಬ ಮೊಟ್ಟೆ. ಬರಬರುತ್ತ ಕೋಳಿಗಳಿಗೆ ವಯಸ್ಸಾಯಿತು, ಎರಡನ್ನು ನಾಯಿ ಹಿಡಿಯಿತು. ಮೈ ಭಾರ, ಹಾರಿ ಮರ ಹತ್ತಲು ಅವಕ್ಕೆ ಬಾರದು. ಮುಂದಿನ ಮರಿ ಎಲ್ಲಿಂದ? “ಮೇಡಮ್ಮೋರೆ, ಕೋಳಿ ಐತೆ, ಮೊಟ್ಟೆ ಐತೆ, ಮರಿ ಮಾತ್ರ ಅಂಗಡೀಲಿ ತರ್ಬೇಕು ಅಂತಾರೆ. ಇದ್ಯಾವ ನ್ಯಾಯ?” ಎಂದು ಆಕೆ ಕೇಳಿದಳು. ನನ್ನ ಐವತ್ತು ದಾಟಿದ ವಯಸ್ಸಿನಲ್ಲಿ ಇಷ್ಟು ಚೊಕ್ಕವಾಗಿ ಅರ್ಥಶಾಸ್ತ್ರದ ಪ್ರಶ್ನೆ ಕೇಳಿದವರನ್ನು ಕಂಡಿಲ್ಲ.

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮ್ಮಲ್ಲಿದೆ. ಕೋಳಿಯನ್ನು ಕೇಳುವುದು ಬೇಡ, ಸಾಕುವವಳನ್ನಾದರೂ ಒಂದು ಮಾತು ಕೇಳಬಾರದೆ?

ಇಷ್ಟು ಹೇಳಿದೊಡನೆ ಪಟ್ಟಣದ ಕೆಲವು ಗೆಳತಿಯರು ಚಪ್ಪಾಳೆ ತಟ್ಟುತ್ತಾರೆ. ‘ಅದಕ್ಕೇ ನಾವು ಶುದ್ಧ ನಾಟಿ ಬಿಟ್ಟು ಬೇರೆ ಮುಟ್ಟುವುದಿಲ್ಲ’ ಎನ್ನುತ್ತಾರೆ. ನನ್ನ ಜಗಳ ಅವರ ಜೊತೆಗೂ ಇದೆ. ಶುದ್ಧ ನಾಟಿ ಎಂದರೆ ಯಾವುದು? ಕೋಳಿಗಳೆಲ್ಲ ಮೂಲದಲ್ಲಿ ಕೆಂಪು ಕಾಡುಕೋಳಿಯ ಸಂತಾನ. ಆಮೇಲೆ ಜನ ಹೋದಲ್ಲೆಲ್ಲ ಬೆರೆಯುತ್ತ ಬಂದವು. ರೋಡ್ ಐಲ್ಯಾಂಡ್ ರೆಡ್ ಎಂಬ ಅಮೆರಿಕದ ಹೆಸರುವಾಸಿ ತಳಿ ಏಷ್ಯಾದ ಕೋಳಿಗಳ ಬೆರಕೆಯಿಂದ ಹುಟ್ಟಿದ್ದು. ಇನ್ನೂ ತಮಾಷೆ ಕೇಳಿ: ನೀವು ಮೂಗು ಮುರಿಯುವ ಬ್ರಾಯ್ಲರಿನ ಅಗಲ ಎದೆ ಬಂದದ್ದು ಕಾರ್ನಿಷ್ ಎಂಬ ಇಂಗ್ಲೆಂಡಿನ ತಳಿಯಿಂದ, ಆ ಕಾರ್ನಿಷ್‌ಗೆ ಮೈಕಟ್ಟು ಬಂದದ್ದು ಇಂಡಿಯಾದಿಂದ ಹೋದ ಆಸೀಲ್ ಎಂಬ ಕಾಳಗದ ಕೋಳಿಯಿಂದ. ನಮ್ಮ ಹುಂಜ ಹಡಗು ಹತ್ತಿ ಹೋಗಿ, ಕಂಪನಿಯ ಮರಿಯಾಗಿ, ಬೆಲೆ ಚೀಟಿ ಅಂಟಿಸಿಕೊಂಡು ವಾಪಸು ಬಂದಿದೆ. ಇದರಲ್ಲಿ ಶುದ್ಧ ಯಾವುದು, ಮೈಲಿಗೆ ಯಾವುದು?

ಕೋಳಿಯ ವಿಷಯದಲ್ಲಿ ಶುದ್ಧರಕ್ತದ ಮಾತಾಡುವವರನ್ನು ಕಂಡರೆ ನನಗೆ ಮನುಷ್ಯರ ವಿಷಯದಲ್ಲಿ ಅದೇ ಮಾತಾಡುವವರ ನೆನಪಾಗುತ್ತದೆ. ವರ್ಷಗಟ್ಟಲೆ ಒಂದೇ ಹುಂಜ, ಅದರ ಮಗ, ಆ ಮಗನ ಮಗ ಎಂದು ಒಂದೇ ಹಿತ್ತಲಲ್ಲಿ ಸಂತಾನ ಬೆಳೆಸಿದರೆ ಮೊಟ್ಟೆ ಕಡಿಮೆಯಾಗುತ್ತದೆ, ಮರಿ ಸೊರಗುತ್ತದೆ, ಚಿಪ್ಪಿನೊಳಗೇ ಸಾಯುವುದು ಹೆಚ್ಚುತ್ತದೆ. ಬೆರಕೆ ಪಾಪವಲ್ಲ, ಬೆರಕೆಯೇ ಬಲ. ಪ್ರಶ್ನೆ ಇರುವುದು ಬೆರಸುವವರು ಯಾರು ಎಂಬುದರಲ್ಲಿ.

ಆದ್ದರಿಂದ ನನ್ನ ವಾದ ಇಷ್ಟೇ: ಹುಂಜ ಹೊರಗಿನಿಂದ ಬರಲಿ, ಹೇಂಟೆ ನಮ್ಮದೇ ಇರಲಿ. ಮನುಷ್ಯರ ಮನೆಯಲ್ಲಿ ಹೊರಗಿನಿಂದ ಸೊಸೆಯನ್ನು ತಂದು ಅವಳ ಬೇರು ಕೀಳುತ್ತೇವೆ. ಕೋಳಿಗೂಡಿನಲ್ಲಾದರೂ ಮನೆ ಅಳಿಯನ ಪದ್ಧತಿ ನಡೆಯಲಿ.

ಮಾಡುವುದು ಕಷ್ಟವಲ್ಲ. ಎಂಟು ಹತ್ತು ನಾಟಿ ಹೇಂಟೆಗೆ ಗಿರಿರಾಜವೋ ಸ್ವರ್ಣಧಾರವೋ ಒಂದು ಹುಂಜ ಸಾಕು. ಎಳೆಯದನ್ನೇ ತನ್ನಿ, ಬಲಿತು ಭಾರವಾದ ಹುಂಜ ಏರಿದರೆ ನಮ್ಮ ಸಣ್ಣ ಹೇಂಟೆಯ ಬೆನ್ನು ಗಾಯವಾಗುತ್ತದೆ. ಹಳೆಯ ಹುಂಜವನ್ನು ಮೊದಲು ಬೇರೆ ಮಾಡಿ, ಮೂರು ವಾರ ಕಾಯಿರಿ. ಹುಂಜ ಹೋದ ಮೇಲೂ ಎರಡು ಮೂರು ವಾರ ಅದರ ಬೀಜ ಹೇಂಟೆಯ ಒಡಲಲ್ಲಿ ಉಳಿದಿರುತ್ತದೆ. ಆತುರಪಟ್ಟರೆ ಹೊಸ ಅಳಿಯನ ಹೆಸರಿನಲ್ಲಿ ಹಳೆಯವನ ಮರಿ ಹುಟ್ಟೀತು. ಆಮೇಲೆ, ಒಂದು ವಾರ ದಾಟದ, ತೀರ ದೊಡ್ಡದೂ ತೀರ ಸಣ್ಣದೂ ಅಲ್ಲದ ಹತ್ತು ಹನ್ನೆರಡು ಮೊಟ್ಟೆಗಳನ್ನು, ನೀರಿನಲ್ಲಿ ತೊಳೆಯದೆ, ಕಾವು ಬಂದ ನಾಟಿ ಹೇಂಟೆಯ ಕೆಳಗೆ ಹುಲ್ಲಿನ ಬುಟ್ಟಿಯಲ್ಲಿಡಿ. ವಾರ ಕಳೆದ ಮೇಲೆ ರಾತ್ರಿ ಹೊತ್ತು ಟಾರ್ಚ್ ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಕೆಂಪು ನರ ಹಬ್ಬಿದ್ದು ಕಾಣುತ್ತದೆ. ಬರಿದಾಗಿ ಕಂಡದ್ದನ್ನು ತೆಗೆದುಬಿಡಿ.

ಹುಟ್ಟಿದ ಮರಿ ತೂಕದಲ್ಲೂ ಮೊಟ್ಟೆಯಲ್ಲೂ ತಾಯಿಗಿಂತ ಮೇಲು. ದೂರದ ಎರಡು ತಳಿ ಕೂಡಿದಾಗ ಮೊದಲ ಪೀಳಿಗೆಗೆ ಒಂದು ವಿಶೇಷ ಹುರುಪು ಬರುತ್ತದೆ ಎಂದು ನಮ್ಮ ವಿಜ್ಞಾನದ ಮೇಷ್ಟ್ರೇ ಒಪ್ಪಿಕೊಂಡರು. ಆ ಹುರುಪು ಆಸ್ತಿಯಂತೆ ಮುಂದಕ್ಕೆ ಇಳಿದು ಬರುವುದಿಲ್ಲ. ಮಿಶ್ರತಳಿಯ ಅಣ್ಣ ತಂಗಿಯರನ್ನೇ ಕೂಡಿಸಿದರೆ ಮುಂದಿನ ಮರಿಗಳಲ್ಲಿ ಒಂದು ಅಜ್ಜನಂತೆ, ಒಂದು ಅಜ್ಜಿಯಂತೆ, ಮತ್ತೊಂದು ಯಾರಂತೆಯೂ ಇಲ್ಲ. ಆದ್ದರಿಂದ ಮಿಶ್ರ ಹುಂಜಗಳನ್ನು ಮಾಂಸಕ್ಕೆ ಮಾರಿ, ಮಿಶ್ರ ಹೇಂಟೆಗಳನ್ನು ಮೊಟ್ಟೆಗೆ ಇಟ್ಟುಕೊಳ್ಳಿ. ಅವುಗಳಲ್ಲಿ ಕೆಲವು ಕಾವಿಗೆ ಕೂರುತ್ತವೆ, ಕೆಲವು ಕೂರುವುದಿಲ್ಲ. ಅದಕ್ಕಾಗಿ ಒಳ್ಳೆಯ ತಾಯಿ ಎನಿಸಿಕೊಂಡ ಎರಡಾದರೂ ಹಳೆಯ ನಾಟಿ ಹೇಂಟೆಗಳು ಗೂಡಿನಲ್ಲಿ ಎಂದೆಂದಿಗೂ ಇರಲೇಬೇಕು. ಅವುಗಳ ಸಂತಾನ ಮುಂದುವರಿಯಲು ಆಗಾಗ ಬೇರೆ ಊರಿನ ನಾಟಿ ಹುಂಜವೂ ಬರಬೇಕು. ಅವೇ ನಿಮ್ಮ ಮೂಲಧನ. ಮೂಲಧನ ಮಾರಿ ಬಡ್ಡಿ ತಿನ್ನಿ ಎಂದು ಹೇಳುವ ಅಧಿಕಾರಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕೀತೆ?

ಇನ್ನು ರೋಗದ ಮಾತು. ನಾಟಿ ಕೋಳಿಗೆ ರೋಗವೇ ಬರುವುದಿಲ್ಲ ಎಂಬುದು ಬರೀ ಜಂಬ. ಕೊಕ್ಕರೆ ರೋಗ ಬಂದರೆ ನಾಟಿ, ಮಿಶ್ರ ಎಂದು ನೋಡದೆ ಬೀದಿಯ ಕೋಳಿಗಳೆಲ್ಲ ಕತ್ತು ತಿರುಚಿ ಬೀಳುತ್ತವೆ. ಅದಕ್ಕೆ ಮದ್ದಿಲ್ಲ, ಲಸಿಕೆ ಇದೆ. ಐದರಿಂದ ಏಳನೆಯ ದಿನದೊಳಗೆ ಮರಿಯ ಕಣ್ಣಿಗೆ ಲಸೋಟ ಒಂದು ಹನಿ, ನಾಲ್ಕನೆಯ ವಾರ ಮತ್ತೊಮ್ಮೆ, ಎಂಟನೆಯ ವಾರ ಆರ್‌ಟುಬಿ ಚುಚ್ಚುಮದ್ದು. ತೊಡಕು ಏನೆಂದರೆ ಲಸಿಕೆಯ ಬಾಟಲಿ 100 ಕೋಳಿಗೆ, ಅದಕ್ಕೂ ಹೆಚ್ಚಿಗೆ ಆಗುವಂಥದು, ಒಮ್ಮೆ ಕಲಸಿದರೆ ಒಂದೆರಡು ತಾಸಿನಲ್ಲಿ ಮುಗಿಸಬೇಕು, ಮಂಜುಗಡ್ಡೆಯಲ್ಲಿಟ್ಟು ತರಬೇಕು. ಹತ್ತು ಮರಿ ಇರುವ ಹೆಂಗಸು ಒಬ್ಬಳೇ ಏನು ಮಾಡಿಯಾಳು? ಒಂದು ಬೀದಿಯ ಹತ್ತು ಮನೆಯವರು ಒಂದೇ ವಾರದಲ್ಲಿ ಕಾವಿಗಿಟ್ಟು, ಒಂದೇ ದಿನ ಬಾಟಲಿ ತರಿಸಿ ಹಂಚಿಕೊಂಡರೆ ಮುಗಿಯಿತು. ಸಂಘಗಳು ಮಾಡಬೇಕಾದ ಕೆಲಸ ಇದು. ಮರಿ ಹಂಚುವ ದಿನ ಬರುವ ಫೋಟೋದವನು ಲಸಿಕೆ ಹಾಕುವ ದಿನ ಬರುವುದಿಲ್ಲ. ಪರವಾಗಿಲ್ಲ, ಲಸಿಕೆ ಬಂದರೆ ಸಾಕು.

ಪಟ್ಟಣದ ನಮಗೂ ಇದರಲ್ಲಿ ಪಾಲಿದೆ. ಸಂತೆಯಲ್ಲಿ ಕಂದು ಬಣ್ಣದ ಮೊಟ್ಟೆ ಕಂಡರೆ ನಾಟಿ ಎಂದು ಹೆಚ್ಚು ಬೆಲೆ ಕೊಟ್ಟು ತರುತ್ತೇವೆ. ಚಿಪ್ಪಿನ ಬಣ್ಣ ತಳಿಯದು. ಸತ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ಫಾರಂನಲ್ಲೇ ಕಂದು ಮೊಟ್ಟೆ ಇಡುವ ಕೋಳಿಗಳಿವೆ. ಆ ದುಡ್ಡು ಹೋಗುವುದು ಮಧ್ಯದವನಿಗೆ. ಹಿತ್ತಲ ಮೊಟ್ಟೆಯೇ ಬೇಕಿದ್ದರೆ ಹಿತ್ತಲಿರುವವಳಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಮನೆಯ ಹಿಂದೆ ನಾಲ್ಕು ಮಾರು ಜಾಗ ಇರುವವರು ಎರಡು ಮೂರು ಹೇಂಟೆ ಸಾಕಿ. ಅನ್ನ, ಸೊಪ್ಪಿನ ಕಡ್ಡಿ, ರಾಗಿ ನುಚ್ಚು ಅವಕ್ಕೆ ಹಬ್ಬ. ಮುಂಜಾನೆಯ ಕೂಗಿಗೆ ಪಕ್ಕದ ಮನೆಯವರು ಜಗಳಕ್ಕೆ ಬಂದಾರೆಂದು ಭಯವಿದ್ದರೆ ಹುಂಜ ಬೇಡ, ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಮರಿ ಬೇಕಾದಾಗ ಹುಂಜ ಇರುವ ಮನೆಯಿಂದ ಮೊಟ್ಟೆ ತಂದು ಕಾವಿಗಿಡಿ. ಅಂಗಡಿಯ ಮೊಟ್ಟೆ ಇಟ್ಟರೆ 21 ದಿನ ಆ ಬಡಪಾಯಿಯ ತಪಸ್ಸು ದಂಡ. ಅದನ್ನು ಇಟ್ಟ ಹೇಂಟೆ ಹುಂಜದ ಮುಖವನ್ನೇ ಕಂಡಿರುವುದಿಲ್ಲ.

ಇನ್ನೊಂದು ಆಕ್ಷೇಪ ಉಳಿದಿದೆ: ಈ ಹತ್ತಿಪ್ಪತ್ತು ಕೋಳಿಯಿಂದ ದೇಶದ ಮೊಟ್ಟೆ ಸಾಲುತ್ತದೆಯೇ? ಸಾಲುವುದಿಲ್ಲ. ಪೇಟೆಯ ಮೊಟ್ಟೆ ಫಾರಂನಿಂದಲೇ ಬರಬೇಕು, ಬರಲಿ. ನಾನು ಅದರ ಮೇಲೆ ಕಲ್ಲು ಹೊರುತ್ತಿಲ್ಲ. ಆದರೆ ನಾನು ಕಂಡ ಮನೆಗಳಲ್ಲೆಲ್ಲ ಹತ್ತು ಕೋಳಿ ಇರುವವರೆಗೆ ದುಡ್ಡು ಹೆಂಗಸಿನದು. ಐನೂರು ಆದ ದಿನ ಶೆಡ್ಡು ಗಂಡನದು, ಸಾಲ ಗಂಡನ ಹೆಸರಿನದು, ಕಸ ಗುಡಿಸುವುದು ಮಾತ್ರ ಹೆಂಗಸಿನದು. ಹತ್ತು ಕೋಳಿಯ ಆ ಸಣ್ಣ ರಾಜ್ಯ ಉಳಿಯಬೇಕಾದರೆ ಮರಿ ಅವಳ ಬುಟ್ಟಿಯಲ್ಲೇ ಹುಟ್ಟಬೇಕು.

ನಿಮ್ಮ ಊರಿನ ಸಂಘದಲ್ಲಿ ಮುಂದಿನ ಸಲ ಮರಿ ಹಂಚಲು ಬಂದವರನ್ನು ಮೂರು ಪ್ರಶ್ನೆ ಕೇಳಿ. ಇದು ಕಾವಿಗೆ ಕೂರುತ್ತದೆಯೇ? ಹೇಂಟೆಮರಿ ಬೇಡ, ಹುಂಜ ಮಾತ್ರ ಕೊಡುತ್ತೀರಾ? ಲಸಿಕೆ ಯಾವ ವಾರ ತರುತ್ತೀರಿ? ಉತ್ತರ ಬರುವವರೆಗೆ ಒಂದೇ ಒಂದು ನಾಟಿ ಹೇಂಟೆಯನ್ನೂ ಮಾರಬೇಡಿ ಎಂದು ಪಕ್ಕದಲ್ಲಿ ಕೂತವಳಿಗೆ ಹೇಳಿ.