ಯುಗಾದಿಯ ಊರಿನಲ್ಲಿ ಹಿಮದ ಬೆಟ್ಟವೇಕೆ?



ಫಾಲ್ಗುಣ ಮುಗಿಯುತ್ತ ಬಂದಿದೆ. ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಹೊಂಗೆಯ ಹೂ ಉದುರತೊಡಗಿದೆ. ನನ್ನಂಥ ಮಾದರಿ ರೈಲಿನ ಹುಚ್ಚರಿಗೆ ಈ ದಿನಗಳಲ್ಲೊಂದು ನಿತ್ಯಕರ್ಮವುಂಟು: ಬೆಳಗಿನ ಕಾಫಿಯಾದೊಡನೆ ಬಟ್ಟೆಯ ತುಂಡಿನಿಂದ ಹಳಿ ಒರೆಸುವುದು. ಎಂಜಿನ್ನಿಗೆ ವಿದ್ಯುತ್ತು ಹಳಿಯ ಮೂಲಕವೇ ಹರಿಯಬೇಕಾದುದರಿಂದ ತೆಳುವಾದ ಧೂಳಿನ ಪದರವೂ ಗಾಡಿಯನ್ನು ನಿಲ್ಲಿಸಿಬಿಡುತ್ತದೆ. ಒಣಹವೆಗೆ ಮರದ ಹಲಗೆ ಕುಗ್ಗುತ್ತದೆ, ಬಿಸಿಗೆ ಲೋಹದ ಹಳಿ ಹಿಗ್ಗುತ್ತದೆ. ನಡುವೆ ಸಂದು ಬಿಡದಿದ್ದರೆ ಹಳಿ ಬಿಲ್ಲಿನಂತೆ ಬಾಗುತ್ತದೆ. ನಿಮಗೆ ಬೋಧಿಸಿದ ವ್ಯಾಕೋಚನದ ಪಾಠ ಈಗ ನನಗೇ ಪರೀಕ್ಷೆಯಾಗಿ ಬಂದಿದೆ!

ಇರಲಿ, ಇಂದು ನಾನು ಜಗಳಕ್ಕೆ ನಿಂತಿದ್ದೇನೆ. ನಮ್ಮ ಹವ್ಯಾಸಿಗಳ ಮನೆಗಳಲ್ಲಿ ನಾನು ನೋಡಿರುವ ಬಹುಪಾಲು ಮಾದರಿಗಳಲ್ಲಿ ಇರುವುದೇನು? ಹಿಮ ಹೊದ್ದ ಶಿಖರ, ದೇವದಾರು, ಕೆಂಪು ಹೆಂಚಿನ ಐರೋಪ್ಯ ನಿಲ್ದಾಣ. ಕಿಟಕಿಯಾಚೆ ಮಾವು ಚಿಗುರಿದೆ. ಕಿಟಕಿಯೊಳಗೆ ಹತ್ತಿಯ ಹಿಮ ಸುರಿದಿದೆ. ಅನ್ಯರನ್ನು ದೂರುವ ಮುನ್ನ ನನ್ನ ತಪ್ಪೊಪ್ಪಿಗೆ: ನಾನೂ ಹಾಗೆಯೇ ಕಟ್ಟಿದ್ದೆ. ಕಳೆದ ಬೇಸಗೆ ರಜೆಯಲ್ಲಿ ಮೊಮ್ಮಗ ಅದನ್ನು ಬಹಳ ಹೊತ್ತು ನೋಡಿ, “ತಾತ, ಇದರಲ್ಲಿ ನಿಮ್ಮ ಊರು ಎಲ್ಲಿದೆ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

“ಸಿದ್ಧವಾಗಿ ದೊರೆಯುವುದು ವಿದೇಶಿ ಸಾಮಗ್ರಿ ಮಾತ್ರ, ನಾವೇನು ಮಾಡೋಣ?” ಎಂಬುದು ಮಿತ್ರರ ವಾದ. ಅರ್ಧ ನಿಜ. ನಮ್ಮ ಬ್ರಾಡ್‌ಗೇಜ್‌ 1,676 ಮಿಲಿಮೀಟರ್. 1:87ರ ಪ್ರಮಾಣಕ್ಕೆ ಇಳಿಸಿದರೆ ಸುಮಾರು 19.3 ಆಗುತ್ತದೆ, ಅಂಗಡಿಯ ಹಳಿಯ ಅಗಲವಾದರೋ 16.5. ಹೊಂದುವುದಿಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಹಳೆಯ ಮೀಟರ್‌ಗೇಜ್‌? 1,000 ಮಿಲಿಮೀಟರ್ ಅದೇ ಪ್ರಮಾಣದಲ್ಲಿ ಸುಮಾರು 11.5 ಆಗುತ್ತದೆ. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳಲ್ಲಿ ಅನೇಕವು ಮೀಟರ್‌ಗೇಜಿನವೇ ಆದ್ದರಿಂದ, ಅವುಗಳ ಮಾದರಿಗೆಂದು 12 ಮಿಲಿಮೀಟರಿನ ಹಳಿ ತಯಾರಾಗುತ್ತದೆ. ನಾವು ಯಾರ ಬೆಟ್ಟವನ್ನು ನಕಲು ಮಾಡುತ್ತಿದ್ದೇವೆಯೋ ಅವರ ಹಳಿಯೇ ನಮ್ಮ ಮದ್ದೂರು, ಚನ್ನಪಟ್ಟಣಗಳಿಗೆ ಒಪ್ಪುತ್ತದೆ! ಗಾಡಿ, ನಿಲ್ದಾಣಗಳನ್ನು ಕೈಯಾರೆ ಮಾಡಬೇಕು, ನಿಜ. ಮರದ ಬೊಂಬೆಗೆ ಹೆಸರಾದ ಚನ್ನಪಟ್ಟಣ ಅದೇ ಮಾರ್ಗದಲ್ಲಿರುವಾಗ, ಮಾಡಬಲ್ಲವರಿಲ್ಲ ಎಂಬ ನೆಪ ಸಲ್ಲದು.

“ಆಟಕ್ಕೆ ಇಷ್ಟು ಗಂಭೀರ ಚರ್ಚೆಯೇ?” ಎನ್ನುವವರಿಗೂ ಒಂದು ಮಾತು. ಬೆಂಗಳೂರು–ಮೈಸೂರು ಮಾರ್ಗದ ಕೆಲಸ 1876–78ರ ಭೀಕರ ಬರಗಾಲದಲ್ಲಿ ಹಸಿದವರಿಗೆ ಕೂಲಿಯ ಪರಿಹಾರವೂ ಆಗಿತ್ತು. ಅಂಥ ಕೈಗಳು ಎತ್ತಿದ ದಿಬ್ಬದ ಮೇಲೆ ನೂರಕ್ಕೂ ಹೆಚ್ಚು ವರ್ಷ ಮೀಟರ್‌ಗೇಜ್‌ ಗಾಡಿ ಓಡಿತು. 1990ರ ದಶಕದಲ್ಲಿ ಆ ಹಳಿಗಳು ಹೋದವು. 1979ರಲ್ಲಿ ಆರಂಭವಾದ ಮೈಸೂರಿನ ರೈಲು ಸಂಗ್ರಹಾಲಯ ಎಂಜಿನ್ನುಗಳನ್ನು ಉಳಿಸಿದೆ, ಅದಕ್ಕೆ ನಮಸ್ಕಾರ. ಆದರೆ ಮದ್ದೂರಿನ ನಿಲ್ದಾಣದಲ್ಲಿ ವಡೆಯ ಬುಟ್ಟಿ ಕಿಟಕಿಗೆ ಬರುತ್ತಿದ್ದ ಸಂಜೆ ಉಳಿದಿರುವುದು ಕಂಡವರ ನೆನಪಿನಲ್ಲಿ ಮಾತ್ರ. ಕಂಡವರಿಗೆ ವಯಸ್ಸಾಗುತ್ತಿದೆ.

ಆದ್ದರಿಂದ ನನ್ನ ಹಿಮಾಲಯವನ್ನು ಕಿತ್ತುಹಾಕಿದ್ದೇನೆ. ಆ ಜಾಗದಲ್ಲಿ ಕಬ್ಬಿನ ಗದ್ದೆ, ಒಂದು ಹೊಂಗೆ ಮರ, ಚಿಕ್ಕದೊಂದು ನಿಲ್ದಾಣ ಏಳುತ್ತಿವೆ. ಕೈ ನಡುಗುತ್ತದೆ, ಕೆಲಸ ನಿಧಾನ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಆ ಮಾರ್ಗದ ಹಳೆಯ ಛಾಯಾಚಿತ್ರವಿದ್ದರೆ ದಯವಿಟ್ಟು ತಂದು ತೋರಿಸಿ. ಮುಂದಿನ ರಜೆಗೆ ಮೊಮ್ಮಗ ಬಂದಾಗ ಬೆರಳಿಟ್ಟು ತೋರಿಸಲು ನನಗೊಂದು ಊರು ಬೇಕಾಗಿದೆ.